ನಾಲ್ಕನೇ ಕ್ಲಾಸಿನ ಒಲೆ

ಜನವರಿ 7, 1946, ಸೋಮವಾರ

ಆದಿನಾರಾಯಣ ಮದರಾಸಿನಿಂದ ಬಂದಿಳಿದ. ಸುಮ್ಮನೆ ಬರಲಿಲ್ಲ, ನಮ್ಮ ಹಲಸೂರಿನ ಶಾಲೆಗೆ ಹೆಡ್‌ಮಾಸ್ಟರಾಗಿಯೇ ಬಂದ.

ಬೆಳಿಗ್ಗೆ ಟೀಚರುಗಳನ್ನೆಲ್ಲ ಕೂರಿಸಿಕೊಂಡು ಭಾಷಣ ಮಾಡಿದ. ಇನ್ನು ಮೇಲೆ ಬಾಯಿಪಾಠ ಬೇಡವಂತೆ, ‘ಪ್ರಾಜೆಕ್ಟ್ ಮೆಥಡ್’ ಅಂತೆ. ಮಕ್ಕಳು ಒಂದು ಕೆಲಸವನ್ನು ತಾವೇ ಆರಿಸಿಕೊಂಡು ಕೊನೆಮುಟ್ಟಿಸಬೇಕು, ಲೆಕ್ಕ, ಭಾಷೆ, ಭೂಗೋಳ ಎಲ್ಲ ಆ ಕೆಲಸದೊಳಗೇ ಬರಬೇಕು. ಉದಾಹರಣೆಗೆ ಏನು ಹೇಳಿದ ಗೊತ್ತೇ? “ಇದೇ ಶಾಲೇಲಿ ಹಿಂದೆ ನಾನೊಂದು ಸೊಪ್ಪಿನ ತೋಟ ಮಾಡಿಸಿದ್ದೆ. ಅದೇ ನನ್ನ ಮೊದಲನೇ ಪ್ರಾಜೆಕ್ಟು” ಎಂದ.

ಆ ತೋಟ ನನ್ನದು. ಮೂರು ವರ್ಷದ ಹಿಂದೆ ಶಾಲೆಯ ಹಿತ್ತಲಲ್ಲಿ ದಂಟು, ಮೆಂತ್ಯ ಹಾಕಿಸಿ, ಪಾತಿ ಅಳೆಸಿ ಲೆಕ್ಕ ಕಲಿಸಿದವಳು ನಾನು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯ ಮೇಷ್ಟರಾಗಿದ್ದ ಇವನು, ಮಕ್ಕಳ ಕಾಲಿನ ಕೆಸರು ವರಾಂಡಕ್ಕೆ ಬರುತ್ತದೆ ಎಂದು ದೂರು ಕೊಟ್ಟಿದ್ದ. ನನ್ನ ಗಂಡನ ತಿಥಿಗೆಂದು ನಾನು ರಜೆ ಹಾಕಿದ ದಿನ ಇನ್ಸ್‌ಪೆಕ್ಟರ್ ಬಂದರು. ಇವನು ಅವರ ಕೈ ಹಿಡಿದು ಪಾತಿಯ ಮಧ್ಯೆ ಓಡಾಡಿಸಿ, ಎಲ್ಲ ತಾನೇ ಮಾಡಿಸಿದ್ದು ಎಂದ. ಮದರಾಸಿನ ಟ್ರೈನಿಂಗು ಇವನ ಪಾಲಾಯಿತು.

ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಎರಡು ಕೈಗಳ ಮೇಲೆ ನನಗಿನ್ನೂ ಸಿಟ್ಟು ಹೋಗಿಲ್ಲ.

ಈ ಮುನಿಲಕ್ಷ್ಮಮ್ಮ ಎಂಥವಳು ಎಂದು ಇವನಿಗೆ ತೋರಿಸದಿದ್ದರೆ ಕೇಳು. ಇನ್ಸ್‌ಪೆಕ್ಟರ ಎದುರಿಗೇ ಇವನಿಗೆ ಮಣ್ಣು ಮುಕ್ಕಿಸಬೇಕು. ಆಗ ಇವನ ಮುಖ ಹೇಗಾಗುತ್ತದೆ ಎಂದು ಕಣ್ಣು ತುಂಬ ನೋಡಬೇಕು. ಅಷ್ಟು ಸಿಕ್ಕರೆ ನನಗೆ ಬೇರೇನೂ ಬೇಡ.

ಜನವರಿ 9

ಮಾರ್ಚಿಯಲ್ಲಿ ಇನ್ಸ್‌ಪೆಕ್ಷನ್. ಅಷ್ಟರಲ್ಲಿ ಪ್ರತಿ ಕ್ಲಾಸೂ ಒಂದೊಂದು ಪ್ರಾಜೆಕ್ಟು ಮುಗಿಸಬೇಕಂತೆ. ನನ್ನ ನಾಲ್ಕನೇ ಕ್ಲಾಸಿಗೆ ರಟ್ಟಿನ ಪೋಸ್ಟ್ ಆಫೀಸು ಎಂದ. ಎಲ್ಲರ ಮುಂದೆ ಕೇಳಿದೆ, “ಸಾರ್, ಮಕ್ಕಳೇ ಆರಿಸ್ಬೇಕು ಅಂತ ನೀವೇ ಹೇಳಿದ್ರಲ್ಲ?”

“ಹೌದ್ಹೌದು, ಲಕ್ಷ್ಮಮ್ಮನವರೇ. ಅವರ ಮನಸ್ಸಿಂದಾನೇ ಬರ್ಬೇಕು. ಏನು ಬಂತೋ ಅದನ್ನ ನಡೆಸ್ಲೇಬೇಕು, ಅದೇ ಮೆಥಡ್ಡು” ಎಂದ.

ಏನು ಬಂತೋ ಅದನ್ನು! ಎಲ್ಲ ಟೀಚರುಗಳೂ ಕೇಳಿಸಿಕೊಂಡಿದ್ದಾರೆ.

ಜನವರಿ 10

ಕ್ಲಾಸಿನಲ್ಲಿ ಕೇಳಿದೆ. ಮಾರ್ಕೆಟ್ಟಿನ ಕಡೆಯಿಂದ ಬರುವ ಮುನೀರ್ ಕೈಯೆತ್ತುವುದಕ್ಕೂ ಕಾಯಲಿಲ್ಲ. “ಖಾನಾ, ಟೀಚರ್! ಊಟ!” ಎಂದ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬರುವ ಮನೆಗಳ ಮಕ್ಕಳು, ಅವಕ್ಕೆ ಬೇರೇನು ಹೊಳೆಯಬೇಕು? ಅಡುಗೆ ಮಾಡುತ್ತೇವೆ, ತಿನ್ನುತ್ತೇವೆ ಎಂದು ಇಡೀ ಕ್ಲಾಸು ಒಂದೇ ಸಮನೆ ಕೂಗಿತು.

ಸುಮ್ಮನಿರಿ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಮುಂದಿನ ಚಾಪೆಯಲ್ಲಿ ಹಲಸೂರಿನ ಹಳೇ ಒಕ್ಕಲುಮನೆಗಳ ಮಕ್ಕಳು, ಅದರಲ್ಲಿ ನನ್ನ ಅಣ್ಣನ ಮಗ ಅಂಜನಮೂರ್ತಿಯೂ ಇದ್ದಾನೆ. ಹಿಂದಿನ ಚಾಪೆಯಲ್ಲಿ ಮರ್ಫಿ ಟೌನಿನವು, ನಾವು ಮುಟ್ಟಿಸಿಕೊಳ್ಳದ ಜನರ ಮಕ್ಕಳು. ಯಾರೂ ಹೇಳಿ ಕೂರಿಸಿದ್ದಲ್ಲ, ಮೊದಲಿನಿಂದ ಹಾಗೇ ನಡೆದು ಬಂದಿದೆ. ಅವು ನೀರು ಕೇಳಿದರೆ ನಾನು ಬೊಗಸೆಗೆ ಮೇಲಿನಿಂದ ಸುರಿಯುತ್ತೇನೆ. ಸ್ಲೇಟು ತಿದ್ದಬೇಕಾದರೆ ನೆಲದ ಮೇಲೆ ಇಡಿಸಿಕೊಂಡು ತಿದ್ದುತ್ತೇನೆ. ನನ್ನ ಚೊಂಬು ನನಗೇ ಬೇರೆ.

ಇವೆಲ್ಲ ಒಂದೇ ಮಡಕೆಯಲ್ಲಿ ಬೇಯಿಸಿ ಒಂದೇ ಸಾಲಿನಲ್ಲಿ ಉಂಡರೆ? ಇನ್ಸ್‌ಪೆಕ್ಷನ್ ದಿನ ಊರ ಹಿರಿಯರು ಬಂದು ಅದನ್ನು ನೋಡಿದರೆ? ನನ್ನ ಅಣ್ಣನೇ ಮೊದಲು ಎದ್ದು ನಿಲ್ಲುತ್ತಾನೆ. ಹೆಡ್‌ಮಾಸ್ಟರು ಊರ ಮಕ್ಕಳ ಕುಲ ಕೆಡಿಸಿದ ಎಂದು ಕೂಗೆದ್ದರೆ ಆದಿನಾರಾಯಣ ಮದರಾಸಿನವರೆಗೂ ಓಡಬೇಕು. ಬಹಳ ದಿನಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಜನವರಿ 16

ಅಡುಗೆ ಎಂದರೆ ಇವನು ಹೌಹಾರುತ್ತಾನೆ ಎಂದುಕೊಂಡಿದ್ದೆ. ಇಲ್ಲ, ಹಿಗ್ಗಿಹೋದ. “ವಾಹ್! ಅಳತೆ, ಆರೋಗ್ಯ, ಶುಚಿತ್ವ, ಎಲ್ಲಾ ಬಂತಲ್ರೀ!” ಮದರಾಸಿನಲ್ಲಿ ಇವನು ಮಾಡಿದ್ದೆಲ್ಲ ರಟ್ಟಿನ ಅಂಗಡಿ, ರಟ್ಟಿನ ರೈಲು. ಇದೂ ಅಂಥದ್ದೇ ಒಂದು ನೋಡುವ ಸಾಮಾನು ಎಂದುಕೊಂಡಿದ್ದಾನೆ. ತಿನ್ನುವವರು ಯಾರು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಲೆಯ ಮೇಲ್ಗಡೆ ಒಂದು ಹಲಗೆ ಹಾಕಿಸುತ್ತಾನಂತೆ, ‘ಪ್ರಾಜೆಕ್ಟ್ ಅಡುಗೆಮನೆ, ನಿರ್ದೇಶನ: ಆದಿನಾರಾಯಣ’ ಎಂದು. “ನಿಮ್ಮ ಹೆಸರು ದೊಡ್ಡಕ್ಷರದಲ್ಲಿರ್ಲಿ ಸಾರ್, ದೂರಕ್ಕೂ ಕಾಣ್ಬೇಕು” ಎಂದೆ. ನನ್ನನ್ನು ನೋಡಿ ಹಲ್ಲು ಕಿರಿದ. ಕಿರಿಯಲಿ.

ಮನೆಮನೆಯಿಂದ ಒಂದೊಂದು ಹಿಡಿ ರಾಗಿಹಿಟ್ಟು ತರಬೇಕು ಎಂದು ಮಕ್ಕಳೇ ತೀರ್ಮಾನ ಮಾಡಿದವು. ಅತ್ತಿಗೆ ಆದಿಲಕ್ಷ್ಮಿ ಹಿಟ್ಟು ಕಟ್ಟಿಕೊಡುತ್ತ ಕೇಳಿದಳು, “ಆ ಕಡೆಯೋರ ಹಿಟ್ಟೂ ಬೆರೀತದಾ?”

“ಹಸಿ ಹಿಟ್ಟು ಅತ್ತಿಗೆ.”

“ಹಸೀದಾದ್ರೆ ಸರಿ ಬಿಡು. ನೀರು ಬೀಳೋವರ್ಗೂ ಏನೂ ಇಲ್ಲ.”

ನಮ್ಮಲ್ಲಿ ಅದೇ ಕಟ್ಟು. ಒಣ ದವಸಕ್ಕೆ, ಹಿಟ್ಟಿಗೆ ಮೈಲಿಗೆಯಿಲ್ಲ. ನೀರು ಬಿದ್ದ ಮೇಲೆ ಯಾರ ಕೈ ಎಂಬುದು ಬರುತ್ತದೆ. ಆದ್ದರಿಂದ ಇನ್ಸ್‌ಪೆಕ್ಷನ್‌ವರೆಗೆ ನೀರು, ಮುದ್ದೆ ತಿರುವುವ ಕೋಲು ಎರಡೂ ನಮ್ಮ ಮಕ್ಕಳ ಕೈಯಲ್ಲೇ ಇರಲಿ, ಊರಿಗೆ ಸುಳಿವು ಸಿಗಬಾರದು. ಆ ದಿನ ಮಾತ್ರ ಹಿಂದಿನ ಚಾಪೆಯ ಒಂದು ಹುಡುಗಿಯ ಕೈಗೆ ಕೋಲು ಕೊಡುತ್ತೇನೆ. ಸಣಕಲಿ, ದೊಡ್ಡ ಕಣ್ಣಿನವಳು. ಹೆಸರು ನೆನಪಾಗುತ್ತಿಲ್ಲ.

ಜನವರಿ 25

ಒಲೆ ಒಡೆಯಿತು. ಕೆರೆಯ ದಡದಿಂದ ಜೇಡಿಮಣ್ಣು ಹೊತ್ತು ತಂದು ಕಟ್ಟಿದ್ದು, ಒಣಗುವಾಗ ಅಡ್ಡಡ್ಡ ಸೀಳು ಬಿಟ್ಟಿತು. ಮುನೀರ್ ಕಟ್ಟಿದವರನ್ನು ಬೈದ, ಕಟ್ಟಿದವರು ಮಣ್ಣು ತಂದವರನ್ನು ಬೈದರು. ನಾನು ಹೇಳಿಕೊಡಬಹುದಿತ್ತು. ಹೇಳಿದರೆ ಮೆಥಡ್ಡು ಕೆಡುತ್ತದಲ್ಲ, ನಾಳೆ ಆದಿನಾರಾಯಣ ಅದನ್ನೇ ಹಿಡಿದುಕೊಂಡಾನು ಎಂದು ಸುಮ್ಮನೆ ಕೂತೆ.

ಅರ್ಧ ದಿನ ಜಗಳವಾಡಿ ಅವೇ ಒಂದು ದಾರಿ ಹುಡುಕಿದವು. ಅಂಗೈಯಗಲದ ಬಿಲ್ಲೆಗಳನ್ನು ಮಾಡಿ, ಒಂದಕ್ಕೆ ಬರೀ ಮಣ್ಣು, ಒಂದಕ್ಕೆ ಮರಳು, ಒಂದಕ್ಕೆ ಹುಲ್ಲಿನ ಚೂರು ಬೆರೆಸಿ ಬಿಸಿಲಿಗಿಟ್ಟವು. ಯಾವುದು ಸೀಳುತ್ತದೆ ಎಂದು ಎರಡು ದಿನ ಕಾಯಬೇಕಂತೆ. ಪಾಠದ ಮಧ್ಯೆ ಎದ್ದೆದ್ದು ಹೋಗಿ ನೋಡುತ್ತವೆ. ಮೂರ್ತಿ ಮಗ್ಗಿಯಲ್ಲಿ ಹಿಂದೆ, ಆದರೆ ಮರಳು ಎಷ್ಟು ಪಾಲು, ಮಣ್ಣು ಎಷ್ಟು ಪಾಲು ಎಂದು ಬಾಯಲ್ಲೇ ಹೇಳಿಬಿಟ್ಟ. ಭಿನ್ನರಾಶಿ ಇವನಿಗೆ ಈ ಜನ್ಮಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಬಿಲ್ಲೆ ಮುಟ್ಟಿ ನೋಡಿದೆ, ಹುಲ್ಲಿನದು ಗಟ್ಟಿ ಇದೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ರಸೆಲ್ ಮಾರ್ಕೆಟ್ ಹತ್ತಿರದ ಪೇಂಟರ್ ಅಕ್ತರ್‌ಗೆ ಹಲಗೆ ಬರೆಯಲು ಕೊಟ್ಟಾಯಿತಂತೆ. ಅದು ಮುಖ್ಯ.

ಫೆಬ್ರವರಿ 5

ಹೊಸ ಒಲೆ ನಿಂತಿತು. ಇವತ್ತು ಮೊದಲನೇ ಮುದ್ದೆ. ಬರೀ ಗಂಟು, ಒಳಗೆ ಹಸಿ ಹಿಟ್ಟು. ಮೂರ್ತಿ ಕೋಲು ಹಿಡಿದು ಬೆವರು ಸುರಿಸುತ್ತಿದ್ದ. ಹಿಂದಿನಿಂದ ಆ ಹುಡುಗಿ, “ಹಿಟ್ಟು ಸುರಿದ್ಮೇಲೆ ಒಂದಷ್ಟು ಹೊತ್ತು ಬೇಯಕ್ಕೆ ಬಿಡು ಮೂರ್ತಿ, ಕೂಡ್ಲೇ ತಿರುವ್ಬೇಡ” ಎಂದಳು. ಇವನು, “ತಗೋ, ನೀನೇ ತಿರುವು” ಎಂದು ಕೋಲು ಅವಳ ಕೈಗೆ ಚಾಚಿದ. “ಬೇಡ!” ಎಂದು ಕೂಗಿದೆ. ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಕೂಗಿದೆನೋ ಏನೋ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು.

ನಾನು ಕೂಗಿದ್ದು ಸರಿಯೇ. ಆ ದಿನಕ್ಕೆ ಮುಂಚೆ ಗುಟ್ಟು ಬಯಲಾಗಬಾರದು. ತಲೆನೋವು.

ಫೆಬ್ರವರಿ 6

ತಲೆನೋವು ಬಿಟ್ಟಿಲ್ಲ.

ಫೆಬ್ರವರಿ 13

ಆ ಹುಡುಗಿ ಶಾಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಅವಳ ಹೆಸರು ಪಟಾಲಮ್ಮ. ಅವಳಿಲ್ಲದಿದ್ದರೆ ನನ್ನ ಲೆಕ್ಕವೆಲ್ಲ ಹಾಳು, ಆದ್ದರಿಂದ ಸಂಜೆ ಮರ್ಫಿ ಟೌನಿಗೆ ಹೋದೆ. ಇಷ್ಟು ವರ್ಷದಲ್ಲಿ ಆ ಬೀದಿಯೊಳಗೆ ಕಾಲಿಟ್ಟದ್ದು ಇದೇ ಮೊದಲು.

ಅವಳ ಅಜ್ಜಿ ದೊಡ್ಡಮುನಿಯಮ್ಮ ಬಾಗಿಲಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು. “ನೀರು ಕೊಡ್ಲಾ ಅಂತ ಕೇಳಂಗಿಲ್ಲ. ಕೂತ್ಕೊಳಿ ತಾಯಿ, ಕೂತ್ಕೊಳಕ್ಕೇನೂ ಆಗಲ್ವಲ್ಲ” ಎಂದಳು. ಮಾತಿನಲ್ಲಿ ಸಣ್ಣ ಚುಚ್ಚು ಇತ್ತು. ಕೂತೆ.

“ನಾಳೆಯಿಂದ ಕಳಿಸಿ. ಕೋಲು ಅವಳ ಕೈಗೇ ಕೊಡ್ತೀನಿ” ಎಂದೆ.

ಮುದುಕಿ ಸೊಪ್ಪು ಬಿಟ್ಟು ನನ್ನ ಮುಖ ನೋಡಿದಳು. “ಕೊಡದಿದ್ರೆ ಚಿಂತೆಯಿಲ್ಲ ತಾಯಿ, ನಮಗೆ ಅಭ್ಯಾಸ. ಕೊಟ್ಟು ಆಮೇಲೆ ಎಲ್ಲರ ಮುಂದೆ ಕಿತ್ಕೋಬೇಡಿ. ಕೂಸು ತಡ್ಕಳಲ್ಲ.”

ಕಿತ್ತುಕೊಳ್ಳುವುದಿಲ್ಲ ಎಂದೆ. ಕಿತ್ತುಕೊಳ್ಳುವವಳು ನಾನಲ್ಲವಲ್ಲ, ಊರಿನವರು. ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡು ಬಂದೆ.

ಫೆಬ್ರವರಿ 18

ಪಟಾಲಮ್ಮ ಬಂದಳು. ಆ ದಿನದವರೆಗೆ ಕಾಯಬೇಕೆಂದಿತ್ತು. ಆದರೆ ಅಭ್ಯಾಸವಿಲ್ಲದೆ ಇನ್ಸ್‌ಪೆಕ್ಟರ ಎದುರು ಗಂಟು ಮಾಡಿಟ್ಟರೆ ನನಗೇ ನಗೆಪಾಟಲು. ಬರೀ ಅಭ್ಯಾಸಕ್ಕೆಂದು ಕೋಲು ಕೊಟ್ಟೆ. ಮೊದಲು ಅವಳು ಮುಟ್ಟಲಿಲ್ಲ. ಆಮೇಲೆ ಹಿಡಿದಳು ನೋಡು, ಕಾಲಿನಿಂದ ಮಡಕೆ ಒತ್ತಿಕೊಂಡು ಸೊಂಟದಿಂದ ತಿರುವಿದಳು. ಒಂದು ಗಂಟಿಲ್ಲ. ಮುದ್ದೆ ಕಟ್ಟಲು ಸಮನಾದ ಮಣೆಯಿಲ್ಲದೆ ತಟ್ಟೆಯ ಬೆನ್ನ ಮೇಲೆ ಕಟ್ಟಿದಳು.

ಮುತ್ತುಗದೆಲೆ ಹಾಕಿಕೊಂಡು ಎಲ್ಲವೂ ತಿಂದವು. ಸೊಪ್ಪಿನ ಸಾರಿಗೆ ಉಪ್ಪು ಕಡಿಮೆಯಿತ್ತು, ನಾಳೆ ಹೇಳಬೇಕು. ಮುಂದಿನ ಚಾಪೆಯವಕ್ಕೆ, “ಮನೇಲಿ ಹೇಳ್ಬೇಡಿ” ಎಂದೆ. “ಯಾಕತ್ತೆ?” ಎಂದ ಮೂರ್ತಿ. ಯಾಕೆ ಎಂದರೆ? ಲೆಕ್ಕ ಮಾಡು ಹೋಗೋ ಎಂದು ಗದರಿದೆ.

ಚೊಂಬು ಶಾಲೆಯಲ್ಲೇ ಮರೆತು ಬಂದಿದ್ದೇನೆ. ಈ ತಿಂಗಳಲ್ಲಿ ಇದು ಎರಡನೇ ಸಲ.

ಫೆಬ್ರವರಿ 27

ಹಲಗೆ ಬಂತು. ಅಕ್ತರ್ ಕೆಂಪು ಅಕ್ಷರದಲ್ಲಿ ಚೆನ್ನಾಗಿಯೇ ಬರೆದಿದ್ದಾನೆ. ಆದಿನಾರಾಯಣನ ಹೆಸರು ಗೇಟಿನಿಂದಲೇ ಕಾಣುತ್ತದೆ. ಇವನು ದೂರ ನಿಂತು, ಹತ್ತಿರ ಬಂದು, ಪಕ್ಕಕ್ಕೆ ಹೋಗಿ, ತನ್ನ ಹೆಸರನ್ನು ತಾನೇ ನೋಡಿಕೊಂಡ. ನೇಣಿಗೆ ಹಗ್ಗ ತಾನೇ ತಂದುಕೊಟ್ಟಿದ್ದಾನೆ.

ಅಣ್ಣ ಮುನಿವೆಂಕಟಪ್ಪನಿಗೆ ಹೇಳಿದೆ, “ಏಳನೇ ತಾರೀಕು ಮಕ್ಕಳ ಅಡುಗೆ ನೋಡೋಕೆ ಬಾಣ್ಣಾ. ಊರ ದೊಡ್ಡೋರ್ನೆಲ್ಲ ಕರ್ಕೊಂಡ್ ಬಾ.” ಅವನಿಗೆ ಖುಷಿಯಾಯಿತು. “ನಮ್ ಮೂರ್ತಿ ಅಡುಗೆ ಮಾಡ್ತಾನಾ? ಬರ್ತೀನಿ ಬಿಡು” ಎಂದ. ವಿಧವೆಯಾಗಿ ಬಂದ ತಂಗಿಗೆ ಮನೆ ಕೊಟ್ಟವನು ಇವನು, ಓದಿಸಿ ಟೀಚರ್ ಮಾಡಿಸಿದವನೂ ಇವನೇ.

ಎಲ್ಲ ಅಂದುಕೊಂಡಂತೆಯೇ ನಡೆಯುತ್ತಿದೆ. ರಾತ್ರಿ ಊಟ ಮಾತ್ರ ಸೇರಲಿಲ್ಲ. ನಿನ್ನೆಯ ಹುಳಿ ಒಗ್ಗಲಿಲ್ಲವೆಂದು ಕಾಣುತ್ತದೆ.

ಮಾರ್ಚಿ 6

ನಾಳೆ. ಇನ್ಸ್‌ಪೆಕ್ಟರಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ‘ನನಗೇನೂ ತಿಳಿಯದು ಸಾರ್, ಹಲಗೆ ನೋಡಿ.’ ಅಷ್ಟೇ ಸಾಕು.

ಮಾರ್ಚಿ 7, ಗುರುವಾರ

ಇನ್ಸ್‌ಪೆಕ್ಟರ್ ಬಂದಾಗ ಒಲೆ ಉರಿಯುತ್ತಿತ್ತು. ಆದಿನಾರಾಯಣ ಜರಿ ರುಮಾಲು ಸುತ್ತಿಕೊಂಡು ಸರಿಯಾಗಿ ಹಲಗೆಯ ಕೆಳಗೇ ನಿಂತಿದ್ದ. ಊರಿನವರು ಗೋಡೆಯ ಪಕ್ಕ. ಹಿಟ್ಟು ಯಾವ ಮನೆಯಿಂದ ಎಷ್ಟು ಬಂತು, ನೀರು ಎಷ್ಟು ಪಾಲು, ಹಳೇ ಒಲೆ ಯಾಕೆ ಸೀಳಿತು, ಎಲ್ಲವನ್ನೂ ಮಕ್ಕಳು ಪಟಪಟನೆ ಹೇಳಿದವು. ಇನ್ಸ್‌ಪೆಕ್ಟರ್ ಬಿಲ್ಲೆಗಳನ್ನು ಕೈಗೆತ್ತಿಕೊಂಡು ನೋಡಿದರು. ಆದಿನಾರಾಯಣ ಪ್ರತಿ ಮಾತಿಗೂ ತಲೆದೂಗಿದ.

ಆಮೇಲೆ ಪಟಾಲಮ್ಮ ಕೋಲು ಹಿಡಿದಳು.

ಅಣ್ಣ ಕೇಳಿದ, “ಯಾರದು? ಯಾರ ಮನೆ ಹುಡುಗಿ?”

ಮೂರ್ತಿ ಹೆಮ್ಮೆಯಿಂದ ಹೇಳಿದ, “ಪಟಾಲಮ್ಮ ಕಣಪ್ಪ, ಮರ್ಫಿ ಟೌನು. ಇವಳ ಥರ ಯಾರಿಗೂ ತಿರುವಕ್ ಬರಲ್ಲ. ನಾವು ದಿನಾ ತಿಂತೀವಲ್ಲ!”

ಕೂಗೆದ್ದಿತು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಎದ್ದಿತು. ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತೇವೆ, ಶಾಲೆಗೆ ಬೀಗ ಹಾಕಿಸುತ್ತೇವೆ ಎಂದೆಲ್ಲ ಕೂಗಿದರು. ಆದಿನಾರಾಯಣ ಇನ್ಸ್‌ಪೆಕ್ಟರ ಮುಂದೆ ಕೈ ಮುಗಿದ. “ನಂಗೇನೂ ಗೊತ್ತಿಲ್ಲ ಸಾರ್! ದೇವರಾಣೆಗೂ ಗೊತ್ತಿಲ್ಲ! ಇದೆಲ್ಲ ಈ ಮುನಿಲಕ್ಷ್ಮಮ್ಮನವರ ಕೆಲಸ. ಮೊದಲಿಂದ ಕೊನೇವರ್ಗೂ ಅವರದೇ!” ಎಂದ.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. ನನ್ನ ಮಾತು ನಾಲಿಗೆಯ ತುದಿಯಲ್ಲಿತ್ತು. ಹಲಗೆ ನೋಡಿ ಸಾರ್, ಅಂದುಬಿಟ್ಟರೆ ಮುಗಿಯಿತು.

ಅಷ್ಟರಲ್ಲಿ ಆದಿನಾರಾಯಣ ಮುಂದೆ ನುಗ್ಗಿ, “ಏಯ್, ಬಿಡೇ ಕೋಲು! ಆಚೆ ನಡಿ!” ಎಂದು ಪಟಾಲಮ್ಮನ ಕೈಯಲ್ಲಿದ್ದ ಕೋಲಿಗೆ ಕೈ ಹಾಕಿದ. ಅವಳು ಇವನನ್ನು ನೋಡಲೂ ಇಲ್ಲ. ನನ್ನನ್ನು ನೋಡಿದಳು. ಎರಡೂ ಕೈ ಮೆಲ್ಲಗೆ ಬೆನ್ನ ಹಿಂದೆ ಹೋದವು.

“ಕೋಲು ಬಿಡಿ ಸಾರ್” ಎಂದೆ. ನನ್ನದೇ ದನಿ, ಆದರೆ ಬಾಯಿಪಾಠ ಮಾಡಿದ್ದು ಇದಲ್ಲ. “ಅವರು ಹೇಳಿದ್ದು ನಿಜ. ಇದು ನಂದೇ. ಈ ಒಲೆ ನಂದು, ಈ ಮಕ್ಕಳು ನನ್ನೋರು, ಹಿತ್ತಲಿನ ಸೊಪ್ಪಿನ ಪಾತೀನೂ ನಂದೇ ಆಗಿತ್ತು. ಪಟಾಲ, ತಿರುವು. ತಳ ಹಿಡೀತದೆ.”

ಇವನು ಕೋಲು ಬಿಟ್ಟ. ನಾನು ಎಲೆ ಹಾಕಿಕೊಂಡು ನೆಲದ ಮೇಲೆ ಕೂತೆ. “ಮೊದಲು ನನಗೆ ಬಡಿಸು.”

ಅಣ್ಣ, “ಲಕ್ಷ್ಮೀ” ಎಂದ. ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ಕರೆದ. ಮುದ್ದೆ ಬಿಸಿಯಿತ್ತು. ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಮುನೀರ್ ಬಂದು ಪಕ್ಕದಲ್ಲಿ ಕೂತ. ಹಿಂದಿನ ಚಾಪೆಯವು ಬಂದವು. ಮೂರ್ತಿ ಅಪ್ಪನನ್ನು ಒಂದು ಸಲ ನೋಡಿದ, ಮುದ್ದೆಯನ್ನು ಒಂದು ಸಲ ನೋಡಿದ, ಕೂತೇಬಿಟ್ಟ.

“ಇವತ್ತಿಂದ ನಮ್ಮ ಅಡುಗೆಮನೆ ಹೊಸ್ತಿಲು ದಾಟ್ಬೇಡ” ಎಂದು ಅಣ್ಣ ಹೊರಟುಹೋದ.

ಆಮೇಲೆ ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. “ಹೆಡ್‌ಮಾಸ್ಟರೇ, ನಿಮಗೆ ಏನೂ ಗೊತ್ತಿಲ್ಲ ಅಂದ್ರಿ. ಹಾಗಾದ್ರೆ ಈ ಹಲಗೆ ಮೇಲಿರೋ ಆದಿನಾರಾಯಣ ಯಾರು?”

ಆ ಹೊತ್ತಿಗೆ ಪಟಾಲ ನನಗೆ ಎರಡನೇ ಮುದ್ದೆ ಹಾಕುತ್ತಿದ್ದಳು. ಬಿಸಿಗೆ ಅವಳ ಬೆರಳು ಕೆಂಪಾಗಿದ್ದವು, ಕೈಗೆ ನೀರು ಮುಟ್ಟಿಸಿಕೋ ಎಂದು ಹೇಳುತ್ತಿದ್ದೆ. ತಲೆಯೆತ್ತಿ ನೋಡುವಷ್ಟರಲ್ಲಿ ಇವನು ಅಲ್ಲಿರಲಿಲ್ಲ.

ಮಾರ್ಚಿ 8

ಹಜಾರದಲ್ಲಿ ಊಟ. ಅತ್ತಿಗೆ ಸೆರಗು ಎತ್ತಿ ಹಿಡಿದುಕೊಂಡು ದೂರದಿಂದ ಬಡಿಸಿದಳು. ನೀರನ್ನು ಬೊಗಸೆಗೆ ಮೇಲಿನಿಂದ ಸುರಿದಳು. ಸೀರೆ ತೊಯ್ದುಹೋಯಿತು. ಹಾಗೆ ಸುರಿದರೆ ಅರ್ಧ ನೀರು ಮೊಣಕೈಯಿಂದ ಇಳಿದುಹೋಗುತ್ತದೆ, ಬಾಯಾರಿಕೆ ಹೋಗುವುದೇ ಇಲ್ಲ.

ಶಾಲೆಯಲ್ಲಿ ಎಲ್ಲ ಮಕ್ಕಳ ಕೈಗೂ ಕೊಡಲು ಇನ್ನೊಂದು ಲೋಟ ಇಡಬೇಕು.

ಮಾರ್ಚಿ 11, ಸೋಮವಾರ

ಬೇಸಿಗೆ ರಜೆ ಕಳೆದ ಮೇಲೆ ನನಗೆ ಕೃಷ್ಣರಾಜಪುರದ ಶಾಲೆಗೆ ವರ್ಗ. ಊರಿನವರ ಬಾಯಿ ಮುಚ್ಚಿಸಲು ಇಷ್ಟಾದರೂ ಮಾಡಬೇಕಾಯಿತು ಎಂದು ಇನ್ಸ್‌ಪೆಕ್ಟರ್ ಹೇಳಿ ಕಳಿಸಿದರು. ಪರೀಕ್ಷೆಯವರೆಗೆ, ಇಷ್ಟವಿದ್ದ ಮಕ್ಕಳಿಗೆ ಒಲೆ ಉರಿಯಬಹುದಂತೆ. ಕೃಷ್ಣರಾಜಪುರದಲ್ಲಿ ಹಿತ್ತಲಿದೆಯೋ ಇಲ್ಲವೋ, ಮಣ್ಣು ಎಂಥದ್ದೋ ನೋಡಬೇಕು. ಆದಿನಾರಾಯಣ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಪ್ರಾಜೆಕ್ಟು ಎಂಬ ಮಾತೆತ್ತಿದರೆ ಟೀಚರುಗಳೆಲ್ಲ ಕೆಮ್ಮುತ್ತಾರಂತೆ.

ಮುಂದಿನ ಚಾಪೆ ಅರ್ಧ ಖಾಲಿ. ಮೂರ್ತಿ ಬರುವುದಿಲ್ಲ ಎಂದುಕೊಂಡಿದ್ದೆ. ತಡವಾಗಿ ಬಂದು, ಚಡ್ಡಿಯ ಜೇಬಿನಿಂದ ಹಿಟ್ಟಿನ ಗಂಟು ತೆಗೆದ. “ಅಮ್ಮ ಕೊಟ್ಳು. ಅಪ್ಪ ನೋಡ್ತಾನೇ ಇದ್ದ. ಹಸಿ ಹಿಟ್ಟು ತಾನೆ ಅಂದ್ಳು ಅಮ್ಮ.”

ಆ ಹಲಗೆಯನ್ನು ಆದಿನಾರಾಯಣನೇ ಕಿತ್ತು ಹಿತ್ತಲಿಗೆ ಎಸೆದಿದ್ದಾನೆ. ಒಲೆಗೆ ಹಾಕಿ ಸುಡೋಣ ಎಂದೆ, ಬಹಳ ಆಸೆಯಿಂದಲೇ ಎಂದೆ. ಮಕ್ಕಳು ಒಪ್ಪಲಿಲ್ಲ. ಒಳ್ಳೇ ತೇಗವಂತೆ, ಮುದ್ದೆ ಕಟ್ಟಲು ಇಷ್ಟು ಸಮನಾದ ಮಣೆ ಎಲ್ಲಿ ಸಿಗಬೇಕು ಎಂದಳು ಪಟಾಲ. ಬೂದಿ ಹಾಕಿ ಉಜ್ಜಿ, ಹೆಸರಿನ ಕಡೆ ಕೆಳಗೆ ಮಾಡಿ ಇಟ್ಟರು. ಇವತ್ತಿನ ಮುದ್ದೆಯೆಲ್ಲ ಅದರ ಮೇಲೇ ಕಟ್ಟಿದ್ದು.

ಒಂದು ವಿಷಯ ಮಾತ್ರ ಹೊಟ್ಟೆ ಉರಿಸುತ್ತಿದೆ. ಇನ್ಸ್‌ಪೆಕ್ಟರ್ ಆ ಮಾತು ಕೇಳಿದಾಗ ಅವನ ಮುಖ ಹೇಗಾಯಿತು? ಮೂರು ವರ್ಷ ಅದಕ್ಕೆಂದೇ ಕಾದವಳು ನಾನು, ನೋಡಲೇ ಇಲ್ಲ. ಮೂರ್ತಿಯನ್ನು ಕೇಳಿದೆ. “ನೋಡ್ಲಿಲ್ಲ ಅತ್ತೆ, ತಿಂತಿದ್ದೆ” ಎಂದ. ಮುನೀರನ್ನು ಕೇಳಿದೆ, ಅವನೂ ತಿನ್ನುತ್ತಿದ್ದನಂತೆ. ಕೊನೆಗೆ ಪಟಾಲಳನ್ನು ಕೇಳಿದೆ.

“ನಾನು ನಿಮಗೆ ಬಡಿಸ್ತಿದ್ನಲ್ಲ ಟೀಚರ್” ಎಂದಳು.

ಇಡೀ ಕ್ಲಾಸಿನಲ್ಲಿ ಒಬ್ಬರಾದರೂ ನೋಡಬಾರದಿತ್ತೇ? ಸಿಟ್ಟಿಗೆ ಎಲ್ಲರಿಗೂ ಮನೆಲೆಕ್ಕ ಕೊಟ್ಟು ಕಳಿಸಿದೆ.